ಅಗರು: ಗಾಯಗೊಂಡ ಮರದ ಬೆಲೆ

ಅಗರಬತ್ತಿಗೆ ಹೆಸರು ಕೊಟ್ಟದ್ದು ಅಗರು. ಆದರೆ ಇಂದು ಮಾರಾಟವಾಗುವ ಬಹುಪಾಲು ಬತ್ತಿಗಳಲ್ಲಿ ಅದರ ಲವಲೇಶವೂ ಇರುವುದಿಲ್ಲ. ಇದ್ದಿಲು ಪುಡಿ, ಜಿಗಟು ಪುಡಿ, ಸುಗಂಧ ರಾಸಾಯನಿಕಗಳೇ ಕೆಲಸ ನಡೆಸುತ್ತವೆ. ಅಸಲಿ ಅಗರು ಏಕೆ ಇಷ್ಟು ದುಬಾರಿ ಎಂಬುದನ್ನು ಅರಿಯಲು ಮರದ ಜಾತಿಗಿಂತ ಅದರ ರೋಗವನ್ನು ತಿಳಿಯಬೇಕಾಗುತ್ತದೆ.

ಈಶಾನ್ಯ ಭಾರತದ ಅಗರು ಮರದ ಶಾಸ್ತ್ರೀಯ ನಾಮ ಅಕ್ವಿಲೇರಿಯಾ ಮಲಕ್ಕೆನ್ಸಿಸ್. ಆರೋಗ್ಯವಂತ ಮರದ ಕಟ್ಟಿಗೆ ಬಿಳಿಚು, ಹಗುರ, ಸುವಾಸನೆಯಿಲ್ಲದ್ದು. ಸೌದೆಗಿಂತ ಹೆಚ್ಚಿನ ಬೆಲೆ ಅದಕ್ಕಿಲ್ಲವೆಂದರೂ ತಪ್ಪಾಗದು. ಜ್ಯೂಜೆರಾ ಕಾನ್ಫೆರ್ಟಾ ಎಂಬ ಪತಂಗದ ಮರಿಹುಳು ಕಾಂಡವನ್ನು ಕೊರೆದಾಗ ಆ ಸುರಂಗದ ಮೂಲಕ ಫ್ಯುಸೇರಿಯಂ ಮೊದಲಾದ ಶಿಲೀಂಧ್ರಗಳು ಒಳನುಗ್ಗುತ್ತವೆ. ಆಗ ಮರವು ಆತ್ಮರಕ್ಷಣೆಗಾಗಿ ತನ್ನ ಜೀವಕೋಶಗಳಲ್ಲಿ ಕೂಡಿಟ್ಟ ಪಿಷ್ಟವನ್ನು ವ್ಯಯಿಸಿ, ಸೆಸ್ಕ್ವಿಟರ್ಪೀನ್ ಹಾಗೂ ಕ್ರೋಮೋನ್ ವರ್ಗದ ಸಂಯುಕ್ತಗಳುಳ್ಳ ರಾಳವನ್ನು ಗಾಯದ ಸುತ್ತ ತುಂಬುತ್ತದೆ. ಕಟ್ಟಿಗೆ ಕಪ್ಪಾಗಿ ತೂಕ ಏರುತ್ತದೆ. ಉತ್ತಮ ದರ್ಜೆಯ ಚಕ್ಕೆ ನೀರಿನಲ್ಲಿ ಮುಳುಗುವುದುಂಟು. ಚೀನೀಯರು ಇದನ್ನು ‘ಮುಳುಗುವ ಸುಗಂಧ’ವೆಂದು ಕರೆದದ್ದು ಆ ಕಾರಣಕ್ಕೇ.

ಕಾಡಿನ ಎಲ್ಲ ಮರಗಳಿಗೂ ಈ ಸೋಂಕು ತಗಲುವುದಿಲ್ಲ. ರಾಳವಿರುವ ಮರ ಯಾವುದೆಂದು ಹೊರಗಿನಿಂದ ಖಚಿತವಾಗಿ ತಿಳಿಯದೆ ಕಂಡಕಂಡದ್ದನ್ನೆಲ್ಲ ಕಡಿದ ಫಲವಾಗಿ ಈ ಜಾತಿ 1995ರಲ್ಲಿ ‘ಸೈಟಿಸ್’ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿತು; 2004ರಲ್ಲಿ ಇಡೀ ಕುಲವನ್ನೇ ಸೇರಿಸುವ ನಿರ್ಣಯವಾಯಿತು. ಅಂದಿನಿಂದ ರಫ್ತಿಗೆ ಅನುಮತಿ ಪತ್ರ ಅನಿವಾರ್ಯ.

ಇನ್ನುಳಿದ ಮಾರ್ಗ ತೋಟದ ಬೆಳೆ. ಮೊಳೆ ಹೊಡೆಯುವುದು, ರಂಧ್ರ ಕೊರೆದು ಶಿಲೀಂಧ್ರ ದ್ರಾವಣ ತುಂಬುವುದು ರೂಢಿಯಲ್ಲಿವೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ರಾಬರ್ಟ್ ಬ್ಲಾಂಚೆಟ್ ಅವರು ವಿಯೆಟ್ನಾಮಿನ ತೋಟಗಳಲ್ಲಿ ರಂಧ್ರಕ್ಕೆ ಪ್ಲಾಸ್ಟಿಕ್ ಕೊಳವೆ ಇಳಿಸಿ ಗಾಯ ಮಾಯದಂತೆ ತಡೆದರು. ಗಮನಿಸತಕ್ಕ ಅಂಶವೆಂದರೆ, ರಾಳ ಕಟ್ಟುವುದು ಜೀವಂತ ಕೋಶ ಮಾತ್ರ. ಅತಿಯಾಗಿ ಪೀಡಿಸಿ ಮರ ಸತ್ತರೆ ರಾಳವೂ ಅಲ್ಲಿಗೇ ನಿಲ್ಲುತ್ತದೆ. ಅವಸರದಲ್ಲಿ ಕಡಿದರೆ ಕೈಗೆ ಸಿಗುವುದು ಬಿಳಿ ಕಟ್ಟಿಗೆ.

ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ ಕಡೆಗಳ ಕಾಫಿ, ಅಡಿಕೆ ತೋಟಗಳಲ್ಲಿಯೂ ಈಗ ಅಗರು ಸಸಿಗಳು ಕಾಣಸಿಗುತ್ತವೆ. ಸಸಿ ಮಾರುವವರು ಮರದ ಲೆಕ್ಕದಲ್ಲಿ ಆದಾಯ ಹೇಳುವುದು ವಾಡಿಕೆ, ಆದರೆ ಮಾರುಕಟ್ಟೆ ಬೆಲೆ ಕಟ್ಟುವುದು ರಾಳಕ್ಕೆ. ಹಿಂದೆ ಸೋಂಕು ನೀಡಿದ ಮರಗಳನ್ನು ಕಡಿಸಿ ನೋಡಿರುವರೇ, ಚಕ್ಕೆ ಎಷ್ಟು ಬಂತು, ಕೊಂಡವರು ಯಾರು ಎಂದು ಕೇಳಿಯೇ ಮುಂಗಡ ಕೊಡುವುದು ಲೇಸು. ಚಕ್ಕೆ ಅಥವಾ ತೈಲ ಖರೀದಿಸುವ ತಯಾರಕರು ಮೂಲದ ದಾಖಲೆಯನ್ನೂ ಪ್ರಯೋಗಾಲಯದ ವರದಿಯನ್ನೂ ಸರಕಿನೊಡನೆಯೇ ಪಡೆಯತಕ್ಕದ್ದು.