ಕಾಣೆಯಾದ ಸಂಗಾತಿ ಮತ್ತು ಕುಟುಂಬ ಪಿಂಚಣಿ

ಮದ್ದೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಿವೃತ್ತ ಮೇಷ್ಟ್ರೊಬ್ಬರು ತೀರಿಕೊಂಡರು ಎಂದಿಟ್ಟುಕೊಳ್ಳಿ. ಹೆಂಡತಿ ಜಗಳ ಮಾಡಿಕೊಂಡು ಮನೆ ಬಿಟ್ಟು ಹೋಗಿ ಹತ್ತು ವರ್ಷವಾಗಿದೆ. ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಕೊನೆಗಾಲದಲ್ಲಿ ನೋಡಿಕೊಂಡವಳು ಮದುವೆಯಾಗದ ಮಗಳು. ಅವಳು ಕುಟುಂಬ ಪಿಂಚಣಿ ಕೇಳಲು ಹೋದರೆ ಎದುರಾಗುವ ಮೊದಲ ಪ್ರಶ್ನೆ: ತಾಯಿಯ ಮರಣ ಪ್ರಮಾಣಪತ್ರ ಎಲ್ಲಿ?

ಊರಿನವರ ಲೆಕ್ಕದಲ್ಲಿ ಆ ಸಂಬಂಧ ಎಂದೋ ಮುಗಿದಿದೆ. ಕಾನೂನಿನ ಲೆಕ್ಕದಲ್ಲಿ ಮುಗಿದಿಲ್ಲ.

ವಿಚ್ಛೇದನದ ಡಿಕ್ರಿ ಆಗದಿದ್ದರೆ ಎಷ್ಟು ವರ್ಷ ಬೇರೆ ಇದ್ದರೂ ಆಕೆ ಹೆಂಡತಿಯೇ. ಕುಟುಂಬ ಪಿಂಚಣಿಯ ಸರದಿಯಲ್ಲಿ ಸಂಗಾತಿ ಮೊದಲು, ಅರ್ಹ ಮಕ್ಕಳು ಆಮೇಲೆ. ಮೇಷ್ಟ್ರು ಮಗಳ ಹೆಸರಿಗೆ ಉಯಿಲು ಬರೆದಿಟ್ಟಿದ್ದರೂ ಈ ಸರದಿ ಬದಲಾಗದು. ಕುಟುಂಬ ಪಿಂಚಣಿ ನೌಕರನ ಆಸ್ತಿಯಲ್ಲ, ಅದನ್ನು ಉಯಿಲಿನಲ್ಲಿ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ.

ಮಳವಳ್ಳಿ ಕಡೆ ಮೇಷ್ಟ್ರು ದುಡಿದು ಕೊಂಡ ಗದ್ದೆಯಿದ್ದರೆ ಅದರ ದಾರಿ ಬೇರೆ. ಅದನ್ನು ಉಯಿಲಿನಲ್ಲಿ ಕೊಡಬಹುದು. ಉಯಿಲಿಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಕ್ಕಳು, ಮೇಷ್ಟ್ರ ತಾಯಿ ಬದುಕಿದ್ದರೆ ಅವರೂ ಸಮಪಾಲುದಾರರು. ಕಾಣೆಯಾದವಳ ಹೆಸರು ಬಿಟ್ಟು ಪೌತಿ ಖಾತೆ ಮಾಡಿಸಿಕೊಂಡರೆ, ಆಕೆ ಮರಳಿ ಬಂದ ದಿನ ದಾವೆ ತಪ್ಪಿದ್ದಲ್ಲ.

ಮಗಳಿಗಿರುವ ದಾರಿ ಏಳು ವರ್ಷದ ನಿಯಮ. 1872ರ ಸಾಕ್ಷ್ಯ ಕಾಯ್ದೆಯ 108ನೇ ಕಲಂನಲ್ಲಿದ್ದ ಇದು 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಂ ಆಗಿದೆ. ಒಬ್ಬರು ಬದುಕಿದ್ದರೆ ಯಾರಿಗೆ ಸಹಜವಾಗಿ ಸುದ್ದಿ ಮುಟ್ಟುತ್ತಿತ್ತೋ ಅವರಿಗೆ ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ, ಬದುಕಿದ್ದಾರೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕು. ಆರು ವರ್ಷ 364 ದಿನವಾದರೂ ಸಾಲದು ಎಂದು ಎಲ್‌ಐಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಸ್ಪಷ್ಟಪಡಿಸಿತು. ಸತ್ತಿದ್ದಾರೆ ಎಂದಷ್ಟೇ ಊಹಿಸಬಹುದು. ಯಾವತ್ತು ಸತ್ತರು ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕು.

ಮುನಿಸಿಕೊಂಡು ಹೋದವರ ವಿಷಯದಲ್ಲಿ ತೊಡಕಿರುವುದು ಯಾರಿಗೆ ಸುದ್ದಿ ಮುಟ್ಟುತ್ತಿತ್ತು ಎಂಬಲ್ಲೇ. ಗಂಡನ ಮುಖ ನೋಡಲೊಲ್ಲದೆ ಹೋದವಳು ಅವನಿಗೆ ಪತ್ರ ಬರೆಯದಿದ್ದರೆ ಆಶ್ಚರ್ಯವೇನಿದೆ? ಅವನಿಗೆ ಸುದ್ದಿಯಿಲ್ಲ ಎಂಬುದು ದೊಡ್ಡ ಪುರಾವೆಯಾಗದು. ಆಕೆಯ ಅಣ್ಣತಮ್ಮಂದಿರು, ಅಕ್ಕತಂಗಿಯರು ನ್ಯಾಯಾಲಯದಲ್ಲಿ ನಿಂತು ‘ತವರಿನ ಮದುವೆಗೂ ಬರಲಿಲ್ಲ, ಸಾವಿಗೂ ಬರಲಿಲ್ಲ, ಒಂದು ಫೋನೂ ಇಲ್ಲ’ ಎಂದು ಹೇಳಿದರೆ ಅದಕ್ಕೆ ತೂಕ ಹೆಚ್ಚು. ಕಾಣೆಯಾದಾಗಲೇ ಠಾಣೆಗೆ ಕೊಟ್ಟ ದೂರು, ಪತ್ತೆಯಾಗಿಲ್ಲವೆಂಬ ಪೊಲೀಸರ ವರದಿ, ಪತ್ರಿಕಾ ಪ್ರಕಟಣೆ ಜೊತೆಗಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ಘೋಷಣೆಯ ದಾವೆ ಗಟ್ಟಿಯಾಗುತ್ತದೆ.

ಸಂಗಾತಿ ಮೊದಲು ಎಂಬ ಸರದಿಯ ವಿಷಯದಲ್ಲಿ ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ಹೆಂಗಸರಿಗೆ 2024ರ ಜನವರಿಯಿಂದ ಒಂದು ಅನುಕೂಲವಿದೆ. ವಿಚ್ಛೇದನದ ಅರ್ಜಿಯೋ ಗಂಡನ ಮೇಲೆ ಕೌಟುಂಬಿಕ ದೌರ್ಜನ್ಯದ ಪ್ರಕರಣವೋ ಬಾಕಿಯಿದ್ದರೆ, ಪಿಂಚಣಿ ಗಂಡನಿಗಿಂತ ಮೊದಲು ಅರ್ಹ ಮಕ್ಕಳಿಗೆ ಸಲ್ಲಲಿ ಎಂದು ಅವರು ಬರೆದುಕೊಡಬಹುದು.

ದಾವೆಯ ಖರ್ಚಿಗೆ ಹೆದರಿ ಕೈಬಿಡುವವರೇ ಬಹಳ. ಆದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗಬೇಕು. ಮೇಷ್ಟ್ರ ಮಗಳಂಥವರು ಮಂಡ್ಯದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು.