ಎರಡು ಸಿಂಗಾನಲ್ಲೂರುಗಳ ನಡುವೆ

ಕೊಯಮತ್ತೂರು ನಗರದ ಪೂರ್ವಕ್ಕೆ, ತಿರುಚಿ ರಸ್ತೆಯ ಮೇಲೆ, ಸಿಂಗಾನಲ್ಲೂರು ಎಂಬ ಭಾಗವಿದೆ. ನೊಯ್ಯಲ್ ನದಿಯ ನೀರನ್ನು ಪಡೆಯುವ ದೊಡ್ಡ ಕೆರೆ, ಅಲ್ಲಿಗೆ ಬರುವ ಹಕ್ಕಿಗಳು, ಸದಾ ಗಿಜಿಗುಡುವ ಬಸ್ ನಿಲ್ದಾಣ ಇವು ಅದರ ಗುರುತು. ಅದೇ ಹೆಸರಿನ ಮತ್ತೊಂದು ಊರು ದಿಂಬಂ ಘಟ್ಟದಾಚೆ, ಕೊಳ್ಳೇಗಾಲದ ಸೀಮೆಯಲ್ಲಿದೆ. ವರನಟ ರಾಜ್‌ಕುಮಾರ್ ಅವರ ತಂದೆ, ರಂಗನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಹೆಸರಿನಲ್ಲಿ ಉಳಿದಿರುವುದು ಈ ಎರಡನೆಯ ಊರು.

ಶಾಲೆಯ ಯೋಜನಾಕಾರ್ಯಕ್ಕೆಂದು ಮಕ್ಕಳು ಅಂತರ್ಜಾಲದಲ್ಲಿ ಈ ಹೆಸರನ್ನು ಹುಡುಕುವಾಗ ತೊಡಕು ತೊಡಗುತ್ತದೆ. ‘ಕೊಯಮತ್ತೂರು ಜಿಲ್ಲೆಯ ಸಿಂಗಾನಲ್ಲೂರು’ ಎಂಬ ಮಾತು ಸುಳ್ಳಲ್ಲ. ರಾಜ್‌ಕುಮಾರ್ ಹುಟ್ಟಿದ 1929ರಲ್ಲಿ ಕೊಳ್ಳೇಗಾಲ ತಾಲ್ಲೂಕು ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ರಾಜ್ಯ ಪುನರ್ವಿಂಗಡಣೆಯಾದ 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಬಂದಿತು. ಈಗ ಚಾಮರಾಜನಗರ ಜಿಲ್ಲೆಯಲ್ಲಿದೆ. ಇಸವಿಯನ್ನು ಕಳಚಿ ಮಾತನ್ನಷ್ಟೇ ನಕಲಿಸಿದ ಜಾಲತಾಣವೋ, ಓದುಗನನ್ನು ನೇರವಾಗಿ ನಗರದ ಕೆರೆಯ ದಡಕ್ಕೆ ತಂದು ಬಿಡುತ್ತದೆ. ನಗರದ ಸಿಂಗಾನಲ್ಲೂರಿನಲ್ಲಿ ಹಿಂದೆ ಸೆಂಟ್ರಲ್ ಸ್ಟುಡಿಯೋಸ್ ಎಂಬ ಚಲನಚಿತ್ರ ಸ್ಟುಡಿಯೋ ಇತ್ತು. ತಪ್ಪು ಕತೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ!

ಗಾಜನೂರಿನದೂ ಹೀಗೆಯೇ. 2000ದ ಜುಲೈಯಲ್ಲಿ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಅಪಹರಿಸಿದ್ದು ಆ ಊರಿನ ಮನೆಯಿಂದ. ತಾಳವಾಡಿ ಸೀಮೆಯ ಈ ಊರು ಒಂದು ಕಾಲಕ್ಕೆ ಕೊಯಮತ್ತೂರು ಜಿಲ್ಲೆಯದು, ಇಂದು ಈರೋಡು ಜಿಲ್ಲೆಯದು. ತಾಳವಾಡಿಯ ಕನ್ನಡ ಶಾಲೆಯ ಮಗುವಿಗೆ ಇದು ಬರಿಯ ಸಿನಿಮಾ ಸಂಗತಿಯಲ್ಲ, ತನ್ನ ಊರು ಗಡಿಯ ಯಾವ ಪಕ್ಕದಲ್ಲಿ ಹೇಗೆ ಉಳಿಯಿತೆಂಬ ಚರಿತ್ರೆ.

ನಂಬಲಾಗದ ತಾಣಗಳಿಗೆ ಒಂದು ಚಹರೆಯಿದೆ: ಬರೆದವರ ಹೆಸರಿಲ್ಲ, ದಿನಾಂಕವಿಲ್ಲ, ಯಂತ್ರ ಅನುವಾದಿಸಿದ ಮುರುಕು ಕನ್ನಡ, ಸಾಲುಸಾಲಿಗೆ ಜಾಹೀರಾತು. ಒಂದೇ ವಾಕ್ಯ ಹತ್ತು ಕಡೆ ಕಂಡರೆ ಹತ್ತು ಮಂದಿ ಸಾಕ್ಷಿ ನುಡಿದಂತಲ್ಲ. ಒಬ್ಬನ ಮಾತನ್ನು ಒಂಬತ್ತು ಮಂದಿ ಎತ್ತಿಕೊಂಡಿರಬಹುದು. ಅಂದವಾದ ಚಿತ್ರಗಳಂತೂ ಏನನ್ನೂ ರುಜುವಾತು ಮಾಡುವುದಿಲ್ಲ.

ಪರಿಶೀಲನೆಗೆ ದಾರಿ ಕಠಿಣವೇನಲ್ಲ. ನಿಕೋಲ್ಸನ್ 1887ರಲ್ಲಿ ಹೊರತಂದ ಕೊಯಮತ್ತೂರು ಜಿಲ್ಲಾ ಕೈಪಿಡಿಯಲ್ಲಿ ಕೊಳ್ಳೇಗಾಲವು ಆ ಜಿಲ್ಲೆಯ ತಾಲ್ಲೂಕಾಗಿಯೇ ಬರುತ್ತದೆ. 1951ರ ಜನಗಣತಿಯಲ್ಲಿಯೂ ಅಷ್ಟೇ. 1961ರದರಲ್ಲಿ ಅದು ಮೈಸೂರು ರಾಜ್ಯದ ಲೆಕ್ಕಕ್ಕೆ ಸೇರಿದೆ. ಈ ಎರಡು ಜನಗಣತಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಎಂಟನೆಯ ತರಗತಿಯ ವಿದ್ಯಾರ್ಥಿಯೂ ಊರಿನ ಜಿಲ್ಲೆ ಬದಲಾದುದನ್ನು ಕಂಡುಕೊಳ್ಳಬಲ್ಲನು. ಆಮೇಲೆ ಊರ ಹಿರಿಯರನ್ನು ಕೇಳಬೇಕು: ‘ಅಜ್ಜಾ, ಆ ಕಾಲದಲ್ಲಿ ಕಚೇರಿ ಕೆಲಸಕ್ಕೆ ಎಲ್ಲಿಗೆ ಹೋಗುತ್ತಿದ್ದಿರಿ?’