ಅಕ್ಷರ ಬಾರದ ಅವ್ವ-ಅಪ್ಪನೂ ಕೂಸಿಗೆ ಕಲಿಸಬಹುದು



ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಲ್ಲಿ, ತಾಂಡಾಗಳಲ್ಲಿ ಸ್ವಸಹಾಯ ಸಂಘದ ಸಭೆಗೆ ಹೋದಾಗ ತಾಯಂದಿರು ಒಂದು ಮಾತು ಮತ್ತೆ ಮತ್ತೆ ಹೇಳುತ್ತಾರೆ. “ನಾವು ಸಾಲಿ ಕಟ್ಟಿ ಹತ್ತಿದವರಲ್ರಿ ಸಿಸ್ಟರ್. ಕೂಸಿಗಿ ನಾವೇನ್ ಕಲಸಬೇಕು? ಅದೆಲ್ಲಾ ಟೀಚರ್ ನೋಡ್ಕೋತಾರ.” ತಂದೆಯರ ಮಾತು ಇನ್ನೂ ಚಿಕ್ಕದು: “ಆರು ವರ್ಷ ಆಗ್ಲಿ, ಸಾಲಿಗಿ ಹಾಕೋಣು.”

ಪ್ರೀತಿ ಇಲ್ಲದೆ ಆಡುವ ಮಾತಲ್ಲ ಇದು. ಆದರೆ ಆರು ವರ್ಷ ಕಾಯುವುದೆಂದರೆ ಬಿತ್ತುವ ಹದ ಮೀರಿದ ಹಾಗೆ. ಹದ ಮೀರಿದ ಮೇಲೂ ಬೆಳೆ ಬರಬಹುದು, ಆದರೆ ದುಡಿಮೆ ಎರಡು ಪಟ್ಟು. ಹುಟ್ಟಿದಾಗ ಕೂಸಿನ ಮಿದುಳು ದೊಡ್ಡವರ ಮಿದುಳಿನ ಸುಮಾರು ಕಾಲು ಭಾಗದಷ್ಟಿರುತ್ತದೆ. ಆರು ವರ್ಷ ತುಂಬುವ ಹೊತ್ತಿಗೆ ನೂರಕ್ಕೆ 90ರಷ್ಟು ಬೆಳೆದಿರುತ್ತದೆ. ಅಂದರೆ ಮಿದುಳು ಬಹಳಷ್ಟು ಬೆಳೆಯುವುದು ಸಾಲಿಯಲ್ಲಲ್ಲ, ನಿಮ್ಮ ಮನೆಯಲ್ಲಿ, ನಿಮ್ಮ ಕಣ್ಣ ಮುಂದೆ.

ಹೊಟ್ಟೆಗೆ ಊಟ, ಮಿದುಳಿಗೆ ಮಾತು

ಬೆಳೆಯುವ ಮಿದುಳಿಗೆ ಮೊದಲು ಊಟ ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ 100 ಮಕ್ಕಳಲ್ಲಿ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಆರು ತಿಂಗಳವರೆಗೆ ಎದೆಹಾಲು ಮಾತ್ರ ಕೊಡಿ. ಆಮೇಲೆ ಎದೆಹಾಲಿನ ಜೊತೆಗೆ ಬೇಳೆಯಲ್ಲಿ ಮೆತ್ತಗೆ ನೆನೆಸಿದ ರೊಟ್ಟಿ, ಸೊಪ್ಪು, ತತ್ತಿ, ಹಣ್ಣು ಕೊಡಿ.

ಊಟದಷ್ಟೇ ಮುಖ್ಯವಾದದ್ದು ಮಾತು. ಮಾತು ಅಂದರೆ “ಬಾ, ಕೂಡು, ಉಣ್ಣು, ಸುಮ್ಮನಿರು” ಎಂಬ ಅಪ್ಪಣೆಯಲ್ಲ, ಕೊಡು-ಕೊಳ್ಳುವ ಮಾತು. ಮೂರು ತಿಂಗಳ ಕೂಸು “ಅಗೂ” ಅಂದರೆ ನೀವೂ ಮುಖ ನೋಡಿ “ಅಗೂ” ಅನ್ನಿ, ನಂತರ ಕೂಸಿನ ಸರದಿಗೆ ಕಾಯಿರಿ. ವರ್ಷದ ಕೂಸು ಕೈ ತೋರಿಸಿದರೆ “ಹೌದವ್ವ, ಅದು ಎಮ್ಮಿ. ಎಮ್ಮಿ ನೀರು ಕುಡಿಯಾಕತ್ತದ” ಅನ್ನಿ. ಹೀಗೆ ಕೇಳಿ, ಆಡಿ ಸಾವಿರಾರು ಮಾತು ಕೂಡಿಸಿಕೊಂಡ ಮಗು ಒಂದನೇ ತರಗತಿಯಲ್ಲಿ ಪುಸ್ತಕ ತೆರೆದಾಗ ಆ ಮಾತುಗಳನ್ನೇ ಅಕ್ಷರದಲ್ಲಿ ಗುರುತಿಸುತ್ತದೆ. ಮನೆಯಲ್ಲಿ ಯಾರೂ ಮಾತಾಡಿಸದ ಮಗುವಿಗೆ ಅಕ್ಷರವೂ ಹೊಸದು, ಮಾತೂ ಹೊಸದು. ಅದು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂಡುತ್ತದೆ. ಕೊನೆಗೆ ಎಲ್ಲರೂ ಅದನ್ನು “ದಡ್ಡ” ಅನ್ನುತ್ತಾರೆ.

ಯಾವ ಭಾಷೆಯಲ್ಲಿ ಮಾತಾಡಬೇಕು? ನಿಮ್ಮದೇ ಭಾಷೆಯಲ್ಲಿ. ಕನ್ನಡ, ಲಂಬಾಣಿ, ಉರ್ದು, ಮರಾಠಿ ಯಾವುದಾದರೂ ಸರಿ. ಮನೆಮಾತು ಗಟ್ಟಿಯಾದ ಮಗುವಿಗೆ ಸಾಲಿಯ ಭಾಷೆ ಕಲಿಯಲು ಸುಲಭವಾಗುತ್ತದೆ. ಬಾರದ ಇಂಗ್ಲಿಷಿನ ನಾಲ್ಕು ಶಬ್ದ ಬಾಯಿಪಾಠ ಮಾಡಿಸುವುದಕ್ಕಿಂತ ಆಯಿ ಹೇಳುವ ಒಂದು ಕಥೆ ಮೇಲು.

ದಿನದ ಕೆಲಸವೇ ಪಾಠ

“ನಮಗ ಕೂಡಾಕ ಪುರಸೊತ್ತಿಲ್ರಿ” ಎನ್ನುತ್ತೀರಿ. ಬೇರೆ ಸಮಯ ಬೇಡ. ಮಾಡುವ ಕೆಲಸದಲ್ಲೇ ಮಗುವನ್ನು ಸೇರಿಸಿಕೊಳ್ಳಿ.

- ರೊಟ್ಟಿ ಬಡಿಯುವಾಗ ಒಂದು ಸಣ್ಣ ಹಿಟ್ಟಿನ ಉಂಡಿ ಕೊಡಿ. ದೊಡ್ಡದು-ಸಣ್ಣದು, ಬಿಸಿ-ತಣ್ಣಗೆ, “ಎಷ್ಟು ರೊಟ್ಟಿ ಆದವು?” ಇವೇ ಗಣಿತದ ಮೊದಲ ಪಾಠ. ಒಲೆಯಿಂದ ದೂರ ಕೂಡಿಸಿ.
- ನೀರು ತುಂಬುವಾಗ ಕೊಡ, ಚರಿಗಿ ತೋರಿಸಿ ಯಾವುದು ತುಂಬಿದೆ, ಯಾವುದು ಖಾಲಿ, ಯಾವುದು ಭಾರ ಎಂದು ಕೇಳಿ.
- ಮೂರು ವರ್ಷ ದಾಟಿದ ಮಗುವಿಗೆ ತೊಗರಿ, ಕಡಲೆ, ಹೆಸರು ಕಾಳು ಬೆರೆಸಿ ಬೇರೆ ಮಾಡಲು ಹೇಳಿ. ಹತ್ತಿರವೇ ಕುಳಿತಿರಿ. ಇನ್ನೂ ಸಣ್ಣವರಿಗೆ ಕಾಳು ಬೇಡ, ಗಂಟಲಿಗೆ ಸಿಕ್ಕೀತು.
- ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳ ಕೈಯಿಂದಲೇ ಎತ್ತು ಮಾಡಿಸಿ. ಮಣ್ಣು ನಾದಿದ ಬೆರಳು ಮುಂದೆ ಪೆನ್ಸಿಲ್ ಗಟ್ಟಿಯಾಗಿ ಹಿಡಿಯುತ್ತದೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಕೈಹಿಡಿದು ನಡೆಸಿ, ಬೆಳೆಯ, ಹಕ್ಕಿಯ ಹೆಸರು ಹೇಳಿ.
- ರಾತ್ರಿ ಮಲಗುವಾಗ ಒಂದು ಒಗಟು, ಒಂದು ಕಥೆ. ನಡುವೆ ನಿಲ್ಲಿಸಿ “ಮುಂದೇನಾತು?” ಎಂದು ಮಗುವನ್ನೇ ಕೇಳಿ.

ಇದು ಅವ್ವನೊಬ್ಬಳ ಕೆಲಸವಲ್ಲ. ಸಂಜೆ ಕಟ್ಟೆಗೆ ಹೋಗುವ ಮೊದಲು ಅಪ್ಪ ಅರ್ಧ ತಾಸು ಮಗುವಿನ ಜೊತೆ ಆಡಿದರೆ ಮಗುವಿಗೂ ಲಾಭ, ಅವ್ವನಿಗೂ ಉಸಿರಾಡಲು ಬಿಡುವು. ಇನ್ನು ಹೊಡೆತ. ಹೊಡೆತ ತಿಂದ ಮಗು ಪ್ರಶ್ನೆ ಕೇಳುವುದನ್ನು ಬಿಡುತ್ತದೆ, ಪ್ರಶ್ನೆ ಬಿಟ್ಟ ಮಗು ಕಲಿಯುವುದನ್ನೂ ಬಿಡುತ್ತದೆ.

ಮೊಬೈಲ್ ಮಾತಾಡಿಸುವುದಿಲ್ಲ

ಅಳುವ ಕೂಸಿನ ಕೈಗೆ ಮೊಬೈಲ್ ಕೊಡುವುದು ಈಗ ತಾಂಡಾದಲ್ಲೂ ಕಾಣುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರಬಾರದು, ಕಡಿಮೆ ಆದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ. ಕಾರಣ ಸರಳ. ಮೊಬೈಲ್ ತಾನೇ ಮಾತಾಡುತ್ತದೆ, ಕೂಸಿನ ಮಾತಿಗೆ ಉತ್ತರ ಕೊಡುವುದಿಲ್ಲ.

ಗುಳೆ ಹೋಗುವ ಮನೆಗಳಲ್ಲಿ

ನಮ್ಮ ಭಾಗದ ದೊಡ್ಡ ಕಷ್ಟ ಇದು. ಮಳೆ ಕೈಕೊಟ್ಟರೆ ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಸೊಲ್ಲಾಪುರ, ಪುಣೆ, ಮುಂಬೈ, ಬೆಂಗಳೂರು ಕಡೆ ಹೋಗಲೇಬೇಕಾಗುತ್ತದೆ. ಹೋಗಬೇಡಿ ಎಂದು ಹೇಳಿದರೆ ಹೊಟ್ಟೆ ಕೇಳುವುದಿಲ್ಲ. ಆದರೆ ಇಷ್ಟು ಮಾಡಬಹುದು.

ಕೂಸನ್ನು ಆಯಿಯ ಹತ್ತಿರ ಬಿಟ್ಟು ಹೋಗುವವರು ಹೋಗುವ ಮೊದಲು ಕೂಸಿಗೆ ಹೇಳಿಯೇ ಹೋಗಿ, ಮಲಗಿದಾಗ ಕದ್ದು ಹೋಗಬೇಡಿ. ಫೋನ್ ಮಾಡಿದಾಗ “ಉಂಡಿ?” ಎಂದಷ್ಟೇ ಕೇಳಿ ಇಡಬೇಡಿ. “ಇವತ್ತು ಯಾರ ಜೊತೆ ಆಡಿದಿ? ಕರು ಏನ್ ಮಾಡಾಕತ್ತದ?” ಎಂದು ಕೇಳಿ, ಮಗು ಹೇಳುವವರೆಗೆ ಕಾಯಿರಿ. ಕೂಸನ್ನು ಕರೆದೊಯ್ಯುವವರು ತಾಯಿ ಕಾರ್ಡ್, ಆಧಾರ್ ಜೊತೆಗಿಟ್ಟುಕೊಳ್ಳಿ. ಪೋಷಣ್ ಟ್ರ್ಯಾಕರ್‌ನಲ್ಲಿ ಹೆಸರಿದ್ದರೆ ಬೇರೆ ಊರಿನ ಅಂಗನವಾಡಿಗೆ ವರ್ಗಾಯಿಸಲು ಅವಕಾಶವಿದೆ. ಹೊರಡುವ ಮೊದಲೇ ಕಾರ್ಯಕರ್ತೆಗೆ ತಿಳಿಸಿ.

ಒಂದು ಮಾತು ಮರೆಯಬೇಡಿ. ತಮ್ಮನನ್ನು ನೋಡಿಕೊಳ್ಳಲು ಎಂಟು-ಒಂಬತ್ತು ವರ್ಷದ ಅಕ್ಕನ ಸಾಲಿ ಬಿಡಿಸಬಾರದು. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕು ಎಂದು 2009ರ ಕಾಯ್ದೆ ಹೇಳುತ್ತದೆ. ಒಬ್ಬರ ಬಾಲ್ಯ ಉಳಿಸಲು ಇನ್ನೊಬ್ಬರ ಬಾಲ್ಯ ಕಸಿಯಬಾರದು. ಕೂಲಿಗೆ ಹೋಗುವ ತಾಯಂದಿರ ಸಣ್ಣ ಮಕ್ಕಳಿಗಾಗಿ 2023ರಿಂದ ಹಲವು ಗ್ರಾಮ ಪಂಚಾಯತಿಗಳಲ್ಲಿ “ಕೂಸಿನ ಮನೆ” ಶುರುವಾಗಿವೆ. ನಿಮ್ಮ ಪಂಚಾಯತಿಯಲ್ಲಿ ಇದೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಕೇಳಿ.

ಅಂಗನವಾಡಿ ಬರೀ ಊಟದ ಮನೆಯಲ್ಲ

1945ರಲ್ಲಿ ಇಂದಿನ ಮಹಾರಾಷ್ಟ್ರದ ಬೋರ್ಡಿ ಎಂಬಲ್ಲಿ ತಾರಾಬಾಯಿ ಮೋಡಕ್, ಅನುತಾಯಿ ವಾಘ್ ಎಂಬ ಇಬ್ಬರು ಶಿಕ್ಷಕಿಯರು ಹಳ್ಳಿಯ ಸಣ್ಣ ಮಕ್ಕಳಿಗಾಗಿ ಕೆಲಸ ಶುರುಮಾಡಿದರು. ಮಕ್ಕಳು ಸಾಲಿಗೆ ಬಾರದಿದ್ದಾಗ ಸಾಲಿಯೇ ಅವರ ಕೇರಿಯ ಅಂಗಳಕ್ಕೆ ಹೋಯಿತು. ಕೇಂದ್ರ ಸರಕಾರದ ಅಂಗನವಾಡಿ ಯೋಜನೆ ಬಂದದ್ದು 1975ರ ಅಕ್ಟೋಬರ್ 2ರಂದು. ಅಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗೆ ಹಾಡು, ಆಟ, ಕಥೆಯ ಶಿಕ್ಷಣ ಸಿಗಬೇಕು. ಆಹಾರದ ಪೊಟ್ಟಣ ತರಲು ಹೋದಾಗ “ಇವತ್ತು ನನ್ನ ಮಗು ಏನು ಆಡಿತು, ಏನು ಕಲಿತಿತು?” ಎಂದೂ ಕೇಳಿ. ಕೇಳುವ ತಾಯಂದಿರಿದ್ದ ಕಡೆ ಅಂಗನವಾಡಿಯೂ ಚುರುಕಾಗುತ್ತದೆ.

ತಡ ಮಾಡಬೇಡಿ

ದೊಡ್ಡ ಸಪ್ಪಳಕ್ಕೂ ಕೂಸು ತಿರುಗಿ ನೋಡದಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ, ಎರಡು ವರ್ಷವಾದರೂ “ಅವ್ವ ಬಾ” ಎಂಬಂಥ ಎರಡು ಶಬ್ದ ಕೂಡಿಸದಿದ್ದರೆ, “ನಮ್ಮಪ್ಪಗೂ ತಡಾನೇ ಮಾತು ಬಂದಿತ್ತು” ಎಂದು ಸುಮ್ಮನೆ ಕೂಡಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೇ ಬಂದು ಮಕ್ಕಳನ್ನು ಉಚಿತವಾಗಿ ಪರೀಕ್ಷಿಸುತ್ತದೆ. ಕಿವಿಯ ತೊಂದರೆ ಬೇಗ ತಿಳಿದರೆ ಮಾತು ಉಳಿಸಬಹುದು.

ಈ ಪತ್ರಿಕೆಯನ್ನು ಮುಂದಿನ ಸಂಘದ ಸಭೆಯಲ್ಲಿ ಓದಲು ಬರುವ ಒಬ್ಬರು ಗಟ್ಟಿಯಾಗಿ ಓದಿ. ಪ್ರತಿಯೊಬ್ಬರೂ ಒಂದೊಂದು ಕೆಲಸ ಆರಿಸಿಕೊಳ್ಳಿ: ರೊಟ್ಟಿಯ ಉಂಡಿ, ರಾತ್ರಿಯ ಕಥೆ, ಇಲ್ಲವೇ ಅಪ್ಪನ ಅರ್ಧ ತಾಸು. ತಿಂಗಳು ಬಿಟ್ಟು ಕೂಡಿದಾಗ ನಿಮ್ಮ ಕೂಸು ಯಾವ ಹೊಸ ಮಾತು ಆಡಿತು ಎಂದು ಒಬ್ಬರಿಗೊಬ್ಬರು ಹೇಳಿರಿ.